ಕೊಳೆ ಕೈಯಲ್ಲೇ ಬಾ

ಮಾರ್ಚ್ 3, ಸೋಮವಾರ

ಕಮಲಾಕ್ಷಮ್ಮ ಟೀಚರ್ ಇನ್ನೂರು ಪುಟದ ಎರಡು ನೋಟ್‌ಬುಕ್ ತರಿಸಿಟ್ಟಿದ್ದರು. ಒಂದೇ ಸಾಕಾಗುತ್ತದೆ ಅಂದೆ. "ಇನ್ನೊಂದು ನೀನೇ ಇಟ್ಕ ಹಾಲೇಶಪ್ಪ, ಏನಾರ ಬರ್ಕ" ಅಂದರು. ಬರೆದುಕೊಳ್ಳುವಂಥದ್ದು ನನ್ನ ಬಳಿ ಏನಿದೆ? ಆದರೆ ಗೆರೆ ಹಾಕಿದ ಖಾಲಿ ಹಾಳೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇಪ್ಪತ್ತೆರಡು ವರ್ಷ ಟ್ರಿಪ್ ಶೀಟ್ ತುಂಬಿದ ಕೈ ಇದು.

ಈಗ ಗಾಡಿ ಓಡಿಸುವುದಿಲ್ಲ. ಚಳ್ಳಕೆರೆಯ ಈ ಸಣ್ಣ ಚರ್ಚಿನಲ್ಲಿ ಕಸ ಗುಡಿಸುತ್ತೇನೆ, ಬೆಂಚು ಒರೆಸುತ್ತೇನೆ, ಗಿಡಕ್ಕೆ ನೀರು ಹಾಕುತ್ತೇನೆ, ಗಂಟೆ ಹೊಡೆಯುತ್ತೇನೆ. ನಾವು ನಾಯಕನಹಟ್ಟಿ ತಿಪ್ಪೇಸ್ವಾಮಿ ಒಕ್ಕಲು. ಇಲ್ಲಿ ಕೆಲಸಕ್ಕೆ ಸೇರಿದಾಗ ಓಣಿಯವರು ತಲೆಗೊಂದು ಮಾತಾಡಿದರು. ಇಲ್ಲಿಯ ಪಾದ್ರಿಗಳನ್ನು ಎಲ್ಲರೂ ಅಯ್ಯನವರು ಅಂತ ಕರೆಯುತ್ತಾರೆ. ಅವರು ಮಾತ್ರ ನಿನ್ನ ದೇವರು ಯಾರು ಅಂತ ಕೇಳಲಿಲ್ಲ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀಯ ಅಂತ ಕೇಳಿದರು.

ಟೀಚರ್ ಹೇಳಿದ ಕೆಲಸ ಹೀಗಿದೆ. ನೂರು ವರ್ಷಕ್ಕೂ ಹಿಂದೆ ಪಾತಣ್ಣ ಅಂತ ಒಬ್ಬ ಉಪದೇಶಿ ಇದ್ದನಂತೆ. ಊರೂರು ನಡೆದು ದೇವರ ಮಾತು ಹೇಳುತ್ತಿದ್ದವನು. ಒಂದು ಬರದ ವರ್ಷ ಅವನು ಹುಣಸೆ ಮರದ ಕೆಳಗೆ ಜನ ಕೂಡಿಸಿ ಮಾಡಿದ ಪ್ರಸಂಗವನ್ನು, ಅಂದರೆ ಉಪದೇಶದ ಭಾಷಣವನ್ನು, ಯಾರೋ ಬರೆದಿಟ್ಟರು. ಈ ಚರ್ಚಿನ ಸಭೆಯವರು ಪ್ರತಿ ವರ್ಷ, ಈಸ್ಟರಿಗೆ ಒಂದು ವಾರ ಮುಂಚೆ ಬರುವ ಗರಿಗಳ ಹಬ್ಬದ ಹಿಂದಿನ ಭಾನುವಾರ, ಅದನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಾರೆ. ಟೀಚರ್ ಮೂವತ್ತೊಂದು ವರ್ಷದಿಂದ ಓದುತ್ತಿದ್ದಾರೆ. ಈಗ ಅವರ ಕಣ್ಣು ಮಂಜು. ಬೆರಳು ದಪ್ಪದ ಅಕ್ಷರವಾದರೆ ಮಾತ್ರ ಕಾಣುತ್ತದೆ. ನಾನು ಆ ಹಳೆಯ ಪ್ರತಿಯನ್ನು ಸ್ಕೆಚ್ ಪೆನ್ನಿನಲ್ಲಿ ದಪ್ಪಕ್ಕೆ ನಕಲು ಮಾಡಿಕೊಡಬೇಕು. ಒಂದು ತಿಂಗಳಿದೆ. ಆಗಬಹುದು ಅಂದೆ.

ಮಾರ್ಚ್ 4, ಮಂಗಳವಾರ

ಇವತ್ತು ಊಟವಿಲ್ಲ. ಎರಡೂವರೆ ವರ್ಷದಿಂದ ಮಂಗಳವಾರ ನಾನು ಉಣ್ಣುವುದಿಲ್ಲ. ಹೆಂಡತಿ ಗೀತಮ್ಮ ಅದನ್ನು ಹರಕೆ ಅಂದುಕೊಂಡಿದ್ದಾಳೆ. ಎಣ್ಣೆ ಗಿರಣಿಗೆ ಹೊರಡುವ ಮುಂಚೆ, "ಆ ತಿಪ್ಪೇಸ್ವಾಮಿಗೂ ಸಾಕಾಗಿರ್ತತೆ ನಿನ್ನ ಹರಕೆ" ಅಂದಳು.

ಒಂದು ಪುಟ ಮುಗಿಯಿತು.

ಮಾರ್ಚ್ 8, ಶನಿವಾರ

ಹಳೆಯ ಪ್ರತಿಯ ಕಾಗದ ಹಪ್ಪಳದ ಹಾಗಿದೆ. ಮುಟ್ಟಿದರೆ ಮುರಿಯುತ್ತದೇನೋ ಅಂತ ಭಯ. ಟೀಚರ ತಾತ ನಕಲು ಮಾಡಿದ್ದಂತೆ. ಶಾಯಿ ಕಂದು ಬಣ್ಣಕ್ಕೆ ತಿರುಗಿದೆ.

ಪಾತಣ್ಣ ದೇವರ ಸುದ್ದಿಯಿಂದ ಶುರು ಮಾಡುವುದಿಲ್ಲ, ಬಾವಿಯಿಂದ ಶುರು ಮಾಡುತ್ತಾನೆ. ಬರದ ವರ್ಷವಲ್ಲವೇ, ಕೇಳುವವರ ತಲೆಯಲ್ಲಿ ಅದೇ ಇದ್ದಿರಬೇಕು. ಇವತ್ತು ಬರೆದದ್ದು:

"ಎಲೈ ಸಹೋದರನೇ, ನೀನು ಎಂಟಾಳುದ್ದ ಬಾವಿ ತೋಡಿದೆ. ನೀರು ಬಂದಾಗ, ನಾನು ನೀರು ತಂದೆನು ಎಂದು ಹಿಗ್ಗಿದೆ. ನೀನು ತೆಗೆದದ್ದು ಮಣ್ಣು ಮಾತ್ರ. ನೀರು ಅಲ್ಲಿಯೇ ಇತ್ತು. ನೀನು ಹುಟ್ಟುವುದಕ್ಕೆ ಮುಂಚೆಯೂ ಇತ್ತು. ಕೃಪೆಯೂ ಹಾಗೆಯೇ. ನಿನ್ನ ಗುದ್ದಲಿ ಅದನ್ನು ಹುಟ್ಟಿಸುವುದಿಲ್ಲ."

ಚೆನ್ನಾಗಿದೆ. ನಮ್ಮ ಸೀಮೆಯವನೇ ಇವನು, ನೀರಿನ ಬೆಲೆ ಗೊತ್ತಿದ್ದವನು. ಆದರೆ ಇದು ಬೆಂಚಿನ ಮೇಲೆ ಕೂರುವವರಿಗೆ ಹೇಳಿದ್ದು, ಬೆಂಚು ಒರೆಸುವವನಿಗಲ್ಲ.

ಮಾರ್ಚ್ 12, ಬುಧವಾರ

ಇವತ್ತು ಅರ್ಧ ಪುಟಕ್ಕೇ ಪೆನ್ನು ಕೆಳಗಿಟ್ಟೆ. ಬರೆದ ಸಾಲು ಇದು:

"ನಿನ್ನನ್ನು ನೀನೇ ದಂಡಿಸಿಕೊಂಡು, ಇದೇ ನನಗೆ ತಕ್ಕದ್ದು ಎನ್ನುತ್ತೀಯೆ. ಅದು ದೀನತೆಯಲ್ಲ, ಸಹೋದರನೇ, ಅದು ಗರ್ವ. ದೇವರ ಗದ್ದುಗೆಯ ಮೇಲೆ ಕುಳಿತು ತೀರ್ಪು ಬರೆಯುವುದಕ್ಕೆ ನಿನ್ನನ್ನು ಕರೆದವರು ಯಾರು?"

ಸಿಟ್ಟು ಬಂತು. ನೂರು ವರ್ಷದ ಹಿಂದೆ ಸತ್ತವನಿಗೆ ನನ್ನ ಮಂಗಳವಾರದ ವಿಷಯ ಹೇಳಿದವರು ಯಾರು? ಸ್ಕೆಚ್ ಪೆನ್ನಿನ ಮುಚ್ಚಳ ಹಾಕಿ ಹೊರಗೆ ಹೋಗಿ, ನೀರು ಹಾಕಿದ್ದ ಗಿಡಗಳಿಗೇ ಇನ್ನೊಮ್ಮೆ ನೀರು ಹಾಕಿದೆ.

ಈ ಪುಸ್ತಕ ಯಾರೂ ಓದುವುದಿಲ್ಲ. ಇಲ್ಲಿ ಬರೆದಿಡುತ್ತೇನೆ.

ನಾನು ಒಬ್ಬ ಮಾಲೀಕರ ಟೆಂಪೋ ಓಡಿಸುತ್ತಿದ್ದೆ. ಮೊಳಕಾಲ್ಮೂರು–ಚಳ್ಳಕೆರೆ, ಹದಿನಾಲ್ಕು ಸೀಟು. ಅವತ್ತಿನ ಹಿಂದಿನ ರಾತ್ರಿ ಮದುವೆ ಪಾರ್ಟಿಯನ್ನು ಬಳ್ಳಾರಿಗೆ ಕರೆದೊಯ್ದು, ಬೆಳಕು ಹರಿಯುವ ಹೊತ್ತಿಗೆ ವಾಪಸು ತಂದು ಬಿಟ್ಟಿದ್ದೆ. ಬೆಳಗಿನ ಟ್ರಿಪ್ಪಿಗೆ ಬೇರೆ ಡ್ರೈವರ್ ಬರಲಿಲ್ಲ. ಆಗಲ್ಲ ಅಂದಿದ್ದರೆ ಮಾಲೀಕರು ಏನೂ ಅನ್ನುತ್ತಿರಲಿಲ್ಲ. ನಾನು ಹೂಂ ಅಂದೆ. ನನ್ನ ಪಕ್ಕದ ಸೀಟಿನಲ್ಲಿ ಒಬ್ಬ ಹೆಂಗಸು ಕೂತಳು. ಅರವತ್ತರ ಹತ್ತಿರದ ವಯಸ್ಸು, ನೇಕಾರರ ಪೈಕಿ. ಕನ್ನಡಕದ ಕಡ್ಡಿ ಮುರಿದಿತ್ತು, ರೇಷ್ಮೆ ಎಳೆ ಸುತ್ತಿ ಕಟ್ಟಿದ್ದಳು. ಅದನ್ನು ಸರಿ ಮಾಡಿಸಲು ಚಳ್ಳಕೆರೆಗೆ ಹೊರಟಿದ್ದಳು. ಕೊಂಡ್ಲಹಳ್ಳಿ ಕ್ರಾಸ್ ಹತ್ತಿರ ನನ್ನ ಕಣ್ಣು ಮುಚ್ಚಿತು. ಎಷ್ಟು ಹೊತ್ತು? ಎರಡು ಕ್ಷಣವೂ ಇಲ್ಲ, ಒಂದು ಉಸಿರಷ್ಟು. ಕಣ್ಣು ಬಿಟ್ಟಾಗ ಎದುರಿಗೆ ಬೇವಿನ ಮರ.

ಹಿಂದೆ ಕೂತವರಿಗೆ ಗಾಯವಾಯಿತು, ಎಲ್ಲರೂ ಉಳಿದರು. ಅವಳು ಉಳಿಯಲಿಲ್ಲ.

ಪೊಲೀಸರಿಗೆ ಬ್ರೇಕ್ ಹಿಡಿಯಲಿಲ್ಲ ಅಂದೆ. ಕೋರ್ಟಿನಲ್ಲೂ ಅದನ್ನೇ ಅಂದೆ. ಹಳೆಯ ಗಾಡಿ, ಎಲ್ಲರೂ ನಂಬಿದರು. ಕೇಸು ಖುಲಾಸೆಯಾಯಿತು. ಅವಳ ಗಂಡ ಒಂದೇ ಸಲ ಕೋರ್ಟಿಗೆ ಬಂದಿದ್ದ, ಹಿಂದಿನ ಬೆಂಚಿನಲ್ಲಿ ಕೂತು ಹೋದ. ಅಪಘಾತ ನಡೆದದ್ದು ಮಂಗಳವಾರ. ಗೀತಮ್ಮನಿಗೂ ಬ್ರೇಕ್ ಅಂತಲೇ ಗೊತ್ತು.

ಮಾರ್ಚ್ 13, ಗುರುವಾರ

ನಕಲು ಮಾಡಲಿಲ್ಲ.

ಮಾರ್ಚ್ 19, ಬುಧವಾರ

ಟೀಚರ್ ವಾಕಿಂಗ್ ಸ್ಟಿಕ್ ಊರಿಕೊಂಡು ಚರ್ಚಿಗೇ ಬಂದರು. "ಎಲ್ಲಿಗೆ ಬಂತಪ್ಪ?" ಅಂದರು. ಆರನೇ ಪುಟದಲ್ಲಿ ನಿಂತಿದೆ ಅಂದೆ.

"ಗದ್ದುಗೆ ಸಾಲೇನು?"

ಅವರು ಬೆಂಚು ತಡಕಾಡಿ ಕೂತರು. "ಆ ಪುಟದಾಗೆ ಎಲ್ಲಾರೂ ನಿಲ್ತಾರೆ ಹಾಲೇಶಪ್ಪ. ನಾನು ಮೂರು ವರ್ಷ ಆ ಸಾಲೇ ಹಾರಿಸಿ ಓದಿದ್ದೆ. ಸಭೇಲಿ ಯಾರಿಗೂ ಗೊತ್ತಾಗಲಿಲ್ಲ. ನಮ್ ತಂಗಿ ಸಾಯೋ ಮುಂಚೆ ಹೇಳಿ ಕಳಿಸಿದ್ಲು, ನಾನು ಹಟಕ್ಕೆ ಹೋಗ್ಲಿಲ್ಲ. ಆಮೇಲೆ ನನಗೆ ನಾನೇ ಶಿಕ್ಷೆ ಕೊಟ್ಕಂಡೆ. ಹಾಡೋದು ಬಿಟ್ಟೆ. ಹಾಡಂದ್ರೆ ನಂಗೆ ಪ್ರಾಣ."

"ಮತ್ತೆ ಹೆಂಗೆ ಓದಿದ್ರಿ ಮೇಡಂ, ನಾಕನೇ ವರ್ಷ?"

"ಬಾಯಿ ತಪ್ಪಿ ಓದ್ಬಿಟ್ಟೆ" ಅಂದು ನಕ್ಕರು. "ಓದಿದ ಮೇಲೆ ಏನೂ ಆಗ್ಲಿಲ್ಲ. ಸಿಡಿಲೇನ್ ಬೀಳ್ಲಿಲ್ಲ. ಮುಂದಿನ ಹಾಡಿಗೆ ನನ್ ಬಾಯಿ ತಾನಾಗೇ ಕೂಡ್ಕಂತು, ಅಷ್ಟೇ."

ನಿನಗೇನಾಗಿದೆ ಅಂತ ಅವರು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ನಾನು ಋಣಿ. ಅವರನ್ನು ಮನೆವರೆಗೂ ಬಿಟ್ಟು ಬಂದು, ಆರನೇ ಪುಟ ಮುಗಿಸಿದೆ.

ಮಾರ್ಚ್ 25, ಮಂಗಳವಾರ

ಕೊನೆಯ ಪುಟಗಳು. ಪಾತಣ್ಣ ಈಗ ಮೆತ್ತಗಾಗಿದ್ದಾನೆ. ಬೈದು ಬೈದು ಸುಸ್ತಾದ ತಂದೆಯ ಹಾಗೆ.

"ಕೈ ತೊಳೆದುಕೊಂಡು ಆಮೇಲೆ ಬರುತ್ತೇನೆ ಎನ್ನುತ್ತೀಯೆ. ಈ ಬರದಲ್ಲಿ ನಿನ್ನ ಮನೆಯಲ್ಲಿ ನೀರೆಲ್ಲಿದೆ? ನೀರು ಇರುವುದು ಆತನ ಬಳಿ. ಸಹೋದರನೇ, ಕೊಳೆ ಕೈಯಲ್ಲೇ ಬಾ."

ಈ ಸಾಲನ್ನು ಉಳಿದದ್ದಕ್ಕಿಂತ ದಪ್ಪವಾಗಿ ಬರೆದಿದ್ದೇನೆ. ಟೀಚರಿಗೆ ಚೆನ್ನಾಗಿ ಕಾಣಲಿ ಅಂತ.

ಸಂಜೆ ಗೀತಮ್ಮ ಗಿರಣಿಯಿಂದ ಹುರಿದ ಶೇಂಗಾ ತಂದಿದ್ದಳು. ಬರೆಯುತ್ತಾ ಒಂದು ಹಿಡಿ ತಿಂದುಬಿಟ್ಟೆ. ತಿಂದಾದ ಮೇಲೆ ಮಂಗಳವಾರ ಅಂತ ನೆನಪಾಯಿತು.

ಮಾರ್ಚ್ 30, ಭಾನುವಾರ

ಯುಗಾದಿ. ಬೆಳಿಗ್ಗೆ ಚರ್ಚಿನಲ್ಲಿ ಗಂಟೆ ಹೊಡೆದು, ಮನೆಗೆ ಬಂದು ಬೇವು ಬೆಲ್ಲ ತಿಂದೆ. ಗೀತಮ್ಮ ಮಾಡಿದ ಹೋಳಿಗೆಯಲ್ಲಿ ನಾಲ್ಕನ್ನು ಟೀಚರಿಗೂ ಅಯ್ಯನವರಿಗೂ ಕೊಟ್ಟು ಬಂದೆ. ಬಿಸಿಲು ಈಗಲೇ ನೆತ್ತಿ ಸುಡುತ್ತಿದೆ. ಆದರೆ ಬೇವಿನ ಮರದ ಹೂವಿನ ವಾಸನೆ ಹಿತವಾಗಿತ್ತು, ಅದರ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದೆ.

ಏಪ್ರಿಲ್ 6, ಭಾನುವಾರ

ಇವತ್ತಿನದು ಪೂರ್ತಿ ಬರೆಯಬೇಕು. ಬಿಟ್ಟರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಪ್ರಸಂಗದ ದಿನ. ಬೆಂಚೆಲ್ಲ ತುಂಬಿ, ಕೆಲವರು ಚಾಪೆಯ ಮೇಲೆ ಕೂತಿದ್ದರು. ಎಲ್ಲ ಸೇರಿದರೂ ಎಪ್ಪತ್ತು ಜನ. ನಾನು ಎಂದಿನಂತೆ ಬಾಗಿಲ ಬಳಿ, ಗಂಟೆಯ ಹಗ್ಗದ ಪಕ್ಕ. ಟೀಚರ್ ನನ್ನ ನೋಟ್‌ಬುಕ್ ಹಿಡಿದು ಮೇಲೆ ಹೋದರು. ಕಂಠ ಈಗಲೂ ಶಾಲೆಯ ಗಂಟೆಯಂತೆ ಖಣಖಣ. ಬಾವಿಯ ಭಾಗ ಓದಿದರು, ಗದ್ದುಗೆಯ ಭಾಗ ಓದಿದರು. ಸಾಲು ಹಾರಿಸಲಿಲ್ಲ. ಹತ್ತನೇ ಪುಟಕ್ಕೆ ಬರುವಾಗ ಕಿಟಕಿಯ ಬಿಸಿಲು ನೇರ ಹಾಳೆಯ ಮೇಲೆ ಬಿತ್ತು. ಕಣ್ಣಲ್ಲಿ ನೀರು ಬಂತು ಅನಿಸುತ್ತದೆ. ಸಾಲು ತಪ್ಪಿತು. ಓದಿದ ಸಾಲನ್ನೇ ಎರಡು ಸಲ ಓದಿದರು. ಸುಮ್ಮನಾದರು. ಸಭೆ ಕಾಯಿತು.

ಅಯ್ಯನವರು ಎದ್ದು ಹತ್ತಿರ ಹೋದರು. ಟೀಚರ್ ತಲೆ ಅಲ್ಲಾಡಿಸಿ, ಬಾಗಿಲ ಕಡೆ ಮುಖ ಮಾಡಿ, "ಹಾಲೇಶಪ್ಪ, ಬಾರಪ್ಪ. ನಿನ್ನ ಅಕ್ಷರ, ನೀನೇ ಓದು" ಅಂದರು.

ನಾನು ಅಯ್ಯನವರನ್ನು ನೋಡಿದೆ. ನಾನು ಅವರ ಸಭೆಯವನಲ್ಲ. ಅವರು ಬಾ ಅಂತ ಕೈ ಮಾಡಿದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದೆ. ಬರಿಗಾಲಲ್ಲಿ ಬೆಂಚುಗಳ ನಡುವೆ ನಡೆದು ಹೋದೆ. ಬೆಳಿಗ್ಗೆ ಗಿಡಕ್ಕೆ ಪಾತಿ ಮಾಡಿದ ಕೆಮ್ಮಣ್ಣು ಇನ್ನೂ ಉಗುರಿನಲ್ಲಿತ್ತು.

ಓದಿದೆ. "ಕೊಳೆ ಕೈಯಲ್ಲೇ ಬಾ" ಎಂಬ ಸಾಲಿಗೆ ಬಂದಾಗ ನನ್ನ ಬೆರಳು ಆ ದಪ್ಪ ಅಕ್ಷರಗಳ ಮೇಲೆಯೇ ಇತ್ತು. ಆಗ ಟೆಂಪೋದ ಆ ಹೆಂಗಸು ಹೇಳಿದ್ದು ಕಿವಿಯಲ್ಲಿ ಕೇಳಿತು.

ಇದನ್ನು ಯಾರಿಗೂ ಹೇಳಿಲ್ಲ. ಟೆಂಪೋದಿಂದ ಇಳಿಸಿ ಮರದ ಕೆಳಗೆ ಮಲಗಿಸಿದಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. ನನ್ನ ಹಣೆಯಲ್ಲಿ ರಕ್ತ ಇಳಿಯುತ್ತಿತ್ತು. ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿ, "ನೀಕು ದೆಬ್ಬ ತಗಿಲಿಂದಾ ನಾಯನಾ?" ಅಂದಳು. ನಿನಗೆ ಪೆಟ್ಟಾಯಿತೇನಪ್ಪ ಅಂತ, ಅವರ ಮನೆಮಾತು ತೆಲುಗಿನಲ್ಲಿ. ಮತ್ತೆ ಮಾತಾಡಲಿಲ್ಲ. ಆಂಬುಲೆನ್ಸ್ ಬರುವ ಮುಂಚೆಯೇ ಹೋದಳು.

ಎರಡೂವರೆ ವರ್ಷ ಆ ಮಾತು ನನ್ನನ್ನು ಸುಡುತ್ತಿತ್ತು. ಕೊಂದವನನ್ನು ಪೆಟ್ಟಾಯಿತೇ ಅಂತ ಕೇಳಿ ಹೋದಳಲ್ಲ, ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ಅಂದುಕೊಂಡಿದ್ದೆ. ಇವತ್ತು ಅಲ್ಲಿ ನಿಂತಾಗ ತಿಳಿಯಿತು, ಅದು ಶಿಕ್ಷೆ ಅಲ್ಲ. ನಾನು ಕೇಳುವ ಮುಂಚೆ, ಕೇಳಬೇಕು ಅಂತ ಹೊಳೆಯುವ ಮುಂಚೆ, ಅವಳು ಕೊಟ್ಟು ಹೋಗಿದ್ದಳು. ನೀರು ಅಲ್ಲಿಯೇ ಇತ್ತು. ನಾನು ಮಣ್ಣು ಹಾಕಿ ಹಾಕಿ ಮುಚ್ಚುತ್ತಿದ್ದೆ.

ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಅಳುತ್ತಿದ್ದೆ. ನಾಚಿಕೆಯಾಗಲಿಲ್ಲ. ಯಾರೂ ಕೆಮ್ಮಲಿಲ್ಲ, ಎದ್ದು ಹೋಗಲಿಲ್ಲ. ಟೀಚರ್ ನನ್ನ ಮೊಣಕೈ ಹಿಡಿದುಕೊಂಡಿದ್ದರು. ಉಳಿದ ಎರಡು ಪುಟ ಓದಿ ಮುಗಿಸಿದೆ. ಅವರು ಹಾಡು ಎತ್ತಿಕೊಂಡರು. ನಾನು ಬಂದು ಗಂಟೆಯ ಪಕ್ಕ ನಿಂತೆ. ಎದೆಯ ಮೇಲಿದ್ದ ಚಪ್ಪಡಿ ಯಾರೋ ಎತ್ತಿಟ್ಟ ಹಾಗಿತ್ತು.

ಯಾವ ದೇವರು ಅಂತ ನಾನು ವಿಚಾರ ಮಾಡಲು ಹೋಗುವುದಿಲ್ಲ. ಕೊಟ್ಟಿದ್ದಾನೆ.

ಅವಳ ಹೆಸರು ಪಾಲಮ್ಮ.

ಏಪ್ರಿಲ್ 7, ಸೋಮವಾರ

ಸೋಮವಾರ ನನಗೆ ರಜೆ. ಬೆಳಿಗ್ಗೆ ಬಸ್ಸು ಹತ್ತಿದೆ. ಡ್ರೈವರ್ ಹಿಂದಿನ ಸೀಟು ಖಾಲಿ ಇತ್ತು, ಅಲ್ಲೇ ಕೂತೆ. ತಳಕು ದಾಟಿತು, ಕೊಂಡ್ಲಹಳ್ಳಿ ಕ್ರಾಸ್ ಬಂತು. ಮರ ಇದೆ. ತೊಗಟೆ ಸುಲಿದ ಜಾಗ ಮುಚ್ಚಿಕೊಂಡಿದೆ.

ಮೊಳಕಾಲ್ಮೂರಿನಲ್ಲಿ ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪಾಲಮ್ಮನ ಗಂಡ ಸೂರಪ್ಪ ಅಂದರೆ ಮಗ್ಗದ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಒಳಗೆ ಮಗ್ಗದ ಸದ್ದಿತ್ತು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದವಳು ಮಗಳು ಚೌಡೇಶ್ವರಿ. ಮೂವತ್ತರ ಆಸುಪಾಸು. ಸೂರಪ್ಪ ಗೋಡೆಗೊರಗಿ ಕೂತಿದ್ದರು. ಕೋರ್ಟಿನಲ್ಲಿ ನೋಡಿದ್ದಕ್ಕಿಂತ ಬಹಳ ಇಳಿದಿದ್ದಾರೆ.

"ಯಾರ್ ಬೇಕಾಗಿತ್ತು?" ಅಂದಳು.

"ನಾನು ಹಾಲೇಶಪ್ಪ. ಆ ಟೆಂಪೋ ಡ್ರೈವರ್."

ಮಗ್ಗ ನಿಂತಿತು.

ಒಂದೇ ಉಸಿರಿಗೆ ಹೇಳಿದೆ. "ಬ್ರೇಕ್ ಚೆನ್ನಾಗಿತ್ತು ಸೂರಪ್ಪಾರೆ. ನನಗೆ ನಿದ್ದೆ ಬಂತು. ನಾನು ಸುಳ್ಳು ಹೇಳ್ದೆ. ನಿಮ್ ಮುಂದೆ ಹೇಳಾಕೆ ಎರಡೂವರೆ ವರ್ಷ ಬೇಕಾತು."

ಚೌಡೇಶ್ವರಿ ಮಗ್ಗದಿಂದ ಎದ್ದು ಬಂದಳು. "ಈಗ್ಯಾಕೆ ಬಂದ್ರಿ? ನಿಮ್ ಎದೆ ಹಗುರ ಮಾಡ್ಕಳಾಕೆ ನಮ್ಮನೆ ಬೇಕಾ? ನಡೀರಿ ಆಚೆ."

ಅವಳು ಹೇಳಿದ್ದು ಸರಿ. ನಾನು ತಿರುಗಿದೆ. ಸೂರಪ್ಪ, "ಉಂಡಮ್ಮಾ" ಅಂದರು, ಇರಮ್ಮ ಅಂತ. ಆಮೇಲೆ ನನ್ನ ಕಡೆ ನೋಡಿ, "ಕುತ್ಕ. ಅವಳು ಹೋಗೋವಾಗ ಹತ್ರ ಯಾರಿದ್ರು?" ಅಂದರು.

"ನಾನೇ ಇದ್ದೆ."

"ಒಬ್ಬಳೇ ಹೋಗ್ಲಿಲ್ವಾ?"

"ಇಲ್ಲ. ತಲೆ ನನ್ನ ತೊಡೆ ಮ್ಯಾಲಿತ್ತು."

"ಎರಡೂವರೆ ವರ್ಷ ಇದನ್ನೇ ಕೇಳ್ಬೇಕಂತಿದ್ದೆ. ಯಾರನ್ನ ಕೇಳ್ಲಿ? ಆಸ್ಪತ್ರೇಲಿ ಅಂದ್ರು, ಬರೋವಾಗ್ಲೇ ಜೀವ ಹೋಗಿತ್ತು ಅಂತ. ರಸ್ತೆ ಮ್ಯಾಲೆ ಅನಾಥಳಂಗೆ ಬಿದ್ದಿದ್ಲೇನೋ ಅಂತ..." ನನ್ನ ಕಡೆ ಬಾಗಿದರು. "ಏನಾರ ಅಂದ್ಲಾ?"

ಹೇಳಿದೆ. ಅವಳು ಅಂದ ಹಾಗೆಯೇ, ತೆಲುಗಿನಲ್ಲಿ.

ಸೂರಪ್ಪ ಮುಖ ತಗ್ಗಿಸಿದರು. ಆಮೇಲೆ ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು, ಅಳುತ್ತಲೂ ಇದ್ದರು. "ಅವಳೇ. ಇದು ಅವಳೇ. ನಾನು ಸೈಕಲ್ ಮ್ಯಾಲಿಂದ ಅವಳನ್ನ ಬೀಳ್ಸಿದ್ದೆ, ಮದುವೆ ಆದ ಹೊಸದ್ರಾಗೆ. ಮೊಣಕಾಲು ಒಡ್ದು ರಕ್ತ ಸುರೀತಿತ್ತು. ಎದ್ದು ನನ್ನ ಪಂಚೆ ದೂಳು ಕೊಡವಿದ್ಲು ಕಣಪ್ಪ!"

ಚೌಡೇಶ್ವರಿ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಈ ಕಡೆ ತಿರುಗಿದಾಗ ಮುಖ ಒಣಗಿತ್ತು. ಒಂದು ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟಳು. "ಈಗ ಹೇಳಿದ್ದು ಬರ್ದು ಸೈನ್ ಮಾಡಿ. ಬ್ರೇಕ್ ಸರಿ ಇತ್ತು, ನಿದ್ದೆ ಮಾಡಿದ್ದೆ ಅಂತ."

"ಅಮ್ಮಾ, ಬೇಡ" ಅಂದರು ಸೂರಪ್ಪ.

"ಬರೀಲಿ ತಡಿ ನಾನಾ" ಅಂದಳು ಅಪ್ಪನಿಗೆ.

ಬರೆದೆ. ತಾರೀಖು, ಜಾಗ, ಹೊತ್ತು ಎಲ್ಲ ಹಾಕಿ ಸಹಿ ಮಾಡಿದೆ. "ಚಳ್ಳಕೆರೆ ಚರ್ಚಿನಾಗೆ ಕೆಲ್ಸ ಮಾಡ್ತೀನಿ, ಸೋಮವಾರ ಒಂದೇ ರಜಾ. ಎಲ್ಲಿಗೆ ಕರೆದ್ರೂ ಬಂದು ಇದನ್ನೇ ಹೇಳ್ತೀನಿ ತಾಯಿ" ಅಂದೆ. ಅವಳು ಹಾಳೆ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಏಪ್ರಿಲ್ 8, ಮಂಗಳವಾರ

ಬೆಳಿಗ್ಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಗೀತಮ್ಮನಿಗೆ ಎಲ್ಲ ಹೇಳಿದೆ. ತಟ್ಟೆ ಕೆಳಗಿಟ್ಟಳು. ಬ್ರೇಕ್ ಅಂತ ನನಗೂ ಸುಳ್ಳು ಹೇಳಿದ್ಯಲ್ಲ ಅಂತ ಬೈದಳು. ಆ ಹಾಳೆ ಪೊಲೀಸರ ಕೈಗೆ ಹೋದರೆ ಗತಿಯೇನು ಅಂತ ಅತ್ತಳು. ಗಿರಣಿಗೆ ತಡವಾಗಿ ಹೋದಳು. ಸಂಜೆ ಬಂದವಳು ನನ್ನ ಪಕ್ಕ ಕೂತು, "ಅದೆಂಥ ಹೆಂಗಸೋ ಮಾರಾಯ. ಸಾಯೋವಾಗ್ಲೂ..." ಅಂದಳು. ದೀಪ ಹಚ್ಚುವಾಗ ಪಾಲಮ್ಮನ ಹೆಸರು ಹೇಳಿ ಕೈ ಮುಗಿದಳು.

ಏಪ್ರಿಲ್ 11, ಶುಕ್ರವಾರ

ಅಯ್ಯನವರಿಗೂ ಹೇಳಿದೆ. ಕೆಲಸ ಬಿಡಿ ಅಂದರೆ ಬಿಡುತ್ತೇನೆ ಅಂದೆ. ಅವರು ಗುಲಾಬಿಯ ಒಣ ಟೊಂಗೆ ಕತ್ತರಿಸುತ್ತಿದ್ದರು. "ಪೊಲೀಸರು ಕರೆದ್ರೆ ನಾನೂ ಬರ್ತೀನಿ, ಒಬ್ನೇ ಹೋಗ್ಬೇಡ" ಅಂದು ಕತ್ತರಿ ನನ್ನ ಕೈಗೆ ಕೊಟ್ಟರು.

ಹೊರಗೆ ಬೈಕ್ ನಿಂತ ಸದ್ದಾದರೆ ಇವತ್ತೂ ಎದೆ ಹಾರುತ್ತದೆ. ಭಯ ಇದೆ. ಆದರೆ ಇದು ಬೇರೆ ಭಯ. ಇದನ್ನು ಇಟ್ಟುಕೊಂಡು ನಿದ್ದೆ ಮಾಡಬಹುದು.

ಏಪ್ರಿಲ್ 20, ಭಾನುವಾರ

ಈಸ್ಟರ್. ಬೆಳಕು ಹರಿಯುವ ಮೊದಲೇ ಗಂಟೆ ಹೊಡೆದೆ. ಟೀಚರ್ ಹಾಡಿದರು. ಹಾಡಿನ ಮಾತು ನನಗೆ ಬರುವುದಿಲ್ಲ, ರಾಗ ಗುನುಗಿದೆ.

ಏಪ್ರಿಲ್ 24, ಗುರುವಾರ

ಮಧ್ಯಾಹ್ನ ಹನ್ನೆರಡರ ಬಿಸಿಲು. ಬೆಂಚು ಒರೆಸುತ್ತಿದ್ದೆ. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಚೌಡೇಶ್ವರಿ. ರೇಷ್ಮೆ ನೂಲು ತರಲು ಬಂದಿದ್ದಳಂತೆ, ಕೈಯಲ್ಲಿ ಚೀಲವಿತ್ತು. ಚಪ್ಪಲಿ ಬಿಡಬೇಕೋ ಬೇಡವೋ ಅಂತ ನೋಡಿ, ಬಿಟ್ಟು ಒಳಗೆ ಬಂದು ಕೊನೆಯ ಬೆಂಚಿನ ತುದಿಯಲ್ಲಿ ಕೂತಳು. ಕೊಡದಿಂದ ನೀರು ಬಗ್ಗಿಸಿ ಕೊಟ್ಟೆ. ಲೋಟ ತೆಗೆದುಕೊಂಡಳು, ಕುಡಿಯಲಿಲ್ಲ.

"ಆ ಹಾಳೆ ಲಾಯರ್ ಹತ್ರ ತಗಂಡ್ ಹೋಗಿದ್ದೆ" ಅಂದಳು. "ಮತ್ತೆ ಕೇಸು ಎಬ್ಬಿಸ್ಬೋದು, ಕಷ್ಟ ಐತೆ ಅಂದ್ರು."

"ಎಬ್ಬಿಸ್ರಿ ತಾಯಿ. ನಾನು ಬಂದು ಹೇಳ್ತೀನಿ."

"ಅಪ್ಪ ಬ್ಯಾಡ ಅಂತಾನೆ. ನಾನಿನ್ನೂ ತೀರ್ಮಾನ ಮಾಡಿಲ್ಲ. ಹಾಳೆ ನನ್ನ ಹತ್ರನೇ ಇರ್ತತೆ."

"ಇರ್ಲಿ."

"ನಾನು ನಿಮ್ಮನ್ನ ಕ್ಷಮಿಸಿಲ್ಲ. ನಿಮ್ಮಂಗೆ ಸುಳ್ಳು ಹೇಳಾಕೆ ಬರಲ್ಲ ನನಗೆ."

ಹೂಂ ಅಂದೆ.

ಲೋಟವನ್ನು ಕೈಯಲ್ಲಿ ತಿರುಗಿಸುತ್ತಾ ಕೂತಿದ್ದಳು. ಆಮೇಲೆ ತಲೆ ಎತ್ತದೆಯೇ ಕೇಳಿದಳು. "ಒಂದು ಮಾತು. ಅವ್ವ ನಿಜವಾಗ್ಲೂ ಹಂಗೆ ಕೇಳಿದ್ಲಾ? ನಿಮಗೆ ಸಮಾಧಾನ ಆಗ್ಲಿ ಅಂತ ನೀವೇ ಕಟ್ಟಿದ್ದಲ್ಲ ತಾನೇ?"

ಇದಕ್ಕೇ ಬಂದಿದ್ದಾಳೆ ಅಂತ ತಿಳಿಯಿತು. ಐವತ್ತು ಚಿಲ್ಲರೆ ಕಿಲೋಮೀಟರ್ ಇದನ್ನು ಹೊತ್ತು ಬಂದಿದ್ದಾಳೆ.

"ಕಟ್ಟೋದಾಗಿದ್ರೆ ಬೈದ್ರು ಅಂತ ಕಟ್ತಿದ್ದೆ ತಾಯಿ" ಅಂದೆ. "ನಿನ್ನ ಮನೆ ಹಾಳಾಗ ಅಂದ್ರು ಅಂತ ಕಟ್ತಿದ್ದೆ. ಅವರು ಬೈದು ಹೋಗಿದ್ರೆ ನನಗೆ ಸಲೀಸಾಗಿರ್ತಿತ್ತು. ಶಾಪ ಹೊತ್ಕಂಡು ತಿರುಗೋದು ನಂಗೆ ಬರ್ತಿತ್ತು. ಇದನ್ನ ಇಸ್ಕಳಾದು ಬರ್ಲಿಲ್ಲ, ಇಷ್ಟು ದಿನ."

ಅವಳು ನನ್ನನ್ನು ನೋಡಿದಳು. ಮೊದಲ ಸಲ ನೆಟ್ಟಗೆ ನೋಡಿದ್ದು. ಬೀದಿಯಲ್ಲಿ ಈರುಳ್ಳಿ ಟ್ರ್ಯಾಕ್ಟರೊಂದು ಹೋಯಿತು, ಕಿಟಕಿ ಗಡಗಡ ಅಂತು. ಅದು ದಾಟಿ ಹೋಗುವವರೆಗೂ ನೋಡುತ್ತಲೇ ಇದ್ದಳು. ಆಮೇಲೆ ನೀರು ಕುಡಿದಳು. ಪೂರ್ತಿ ಕುಡಿದಳು. ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದಳು.

"ಅವ್ವ ಹೋದಾಗ್ಲಿಂದ ಅಪ್ಪ ಅವಳ ಹೆಸ್ರು ಎತ್ತಿರ್ಲಿಲ್ಲ" ಅಂದಳು. "ನೀವು ಬಂದು ಹೋದ ಮ್ಯಾಲೆ ಓಣೀಲಿ ಕಂಡೋರಿಗೆಲ್ಲ ಹೇಳ್ತಾನೆ. ಹಂಗಂದ್ಲಂತೆ ನನ್ ಹೆಂಡ್ತಿ, ಹಂಗಂದ್ಲಂತೆ ಅಂತ. ಜನ ನಂಬಲ್ಲ, ನೀನೇ ಕಟ್ಟಿ ಹೇಳ್ತೀಯ ಅಂತಾರೆ. ಅದಕ್ಕೆ ಅವನಿಗೆ ಸಿಟ್ಟು. ದಿನಾ ಬಾಗಿಲಾಗೆ ಕುತ್ಕಂಡು ರಸ್ತೆ ನೋಡ್ತಾನೆ."

ಎದ್ದು ಚೀಲ ಹೆಗಲಿಗೇರಿಸಿದಳು. ಚಪ್ಪಲಿ ಮೆಟ್ಟುತ್ತಾ, ನನ್ನ ಕಡೆ ಬೆನ್ನು ಮಾಡಿಯೇ, "ಸೋಮವಾರ ರಜಾ ಅಂತಲ್ಲ ನಿಮಗೆ. ಬರ್ರಿ" ಅಂದಳು. ಎರಡು ಹೆಜ್ಜೆ ಹೋಗಿ ನಿಂತಳು. "ಮನೆಯವ್ರನ್ನೂ ಕರ್ಕಂಬರ್ರಿ."

ಏಪ್ರಿಲ್ 28, ಸೋಮವಾರ

ಗೀತಮ್ಮ ಗಿರಣಿಗೆ ರಜೆ ಹಾಕಿದ್ದಾಳೆ. ಸೀರೆ ಉಟ್ಟು ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ, ಮೊಳಕಾಲ್ಮೂರು ಬಸ್ಸು ತಪ್ಪಿ ಹೋಗ್ತತೆ ಅಂತ.